ಅಕ್ಕನವರನ್ನು ಕೇಳಿ: ಶಾಲೆ ಶುರುವಾದ ತಿಂಗಳ ಪ್ರಶ್ನೋತ್ತರ

ಗುಂಪಿನ ನಿರ್ವಾಹಕ: ಎಲ್ಲರಿಗೂ ಶರಣು. ಇಂದು ರವಿವಾರ, 15 ಜೂನ್ 2025. ವಿಜಯಪುರ ಜಿಲ್ಲೆಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ಮುಖ್ಯ ಶಿಕ್ಷಕಿಯಾಗಿದ್ದು ನಿವೃತ್ತರಾದ ನಮ್ಮ ಅಕ್ಕನವರು ಬೆಳಿಗ್ಗೆ ಹತ್ತರಿಂದ ಉತ್ತರಿಸುತ್ತಾರೆ. ಒಂದರಿಂದ ಏಳನೇ ತರಗತಿಯ ಮಕ್ಕಳ ಪಾಲಕರು ಕೇಳಬಹುದು. ಶಾಲೆಯ ಹೆಸರಾಗಲಿ ಶಿಕ್ಷಕರ ಹೆಸರಾಗಲಿ ಬೇಡ. ಬೇರೆ ಗುಂಪುಗಳಿಂದ ಬಂದ ಸಂದೇಶಗಳನ್ನು ಇಲ್ಲಿಗೆ ತಂದು ಸುರಿಯಬೇಡಿ.

ಜಮಖಂಡಿಯ ತಾಯಿ: ಅಕ್ಕನವರೇ, ನಮಸ್ಕಾರ. ನನ್ನ ಮಗ 2019ರ ನವೆಂಬರ್‌ನಲ್ಲಿ ಹುಟ್ಟಿದವನು. ಯುಕೆಜಿ ಮುಗಿದಿದೆ. ಒಂದನೇ ತರಗತಿಗೆ ಸೇರಿಸಿಕೊಳ್ಳುತ್ತಾರೆಯೇ? ಆರು ತುಂಬಲೇಬೇಕು ಎಂದು ನೆರೆಮನೆಯವರು ಹೆದರಿಸಿದ್ದಾರೆ.

ಅಕ್ಕನವರು: ನಮಸ್ಕಾರ ತಂಗಿ. ನೆರೆಮನೆಯವರು ಹೇಳಿದ್ದು ಸುಳ್ಳಲ್ಲ. ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕು ಎಂಬ ಆದೇಶ 2022ರಲ್ಲೇ ಬಂದಿದೆ. ಎಲ್‌ಕೆಜಿ, ಯುಕೆಜಿ ಮುಗಿಸಿದ ಮಕ್ಕಳಿಗೆ ಈ ಒಂದು ವರ್ಷ, ಅಂದರೆ 2025-26ಕ್ಕೆ ಮಾತ್ರ, ಅದನ್ನು 5 ವರ್ಷ 5 ತಿಂಗಳಿಗೆ ಇಳಿಸಿದ್ದಾರೆ. 2020ರ ಜನವರಿ 1ರಂದು ಅಥವಾ ಅದಕ್ಕೂ ಮೊದಲು ಹುಟ್ಟಿದ್ದರೆ ಸಾಕು. ನಿಮ್ಮ ಮಗನಿಗೆ ತೊಂದರೆ ಇಲ್ಲ. ಆದರೆ ಅವಕಾಶ ಇದೆ ಎಂದು ಓಡಬೇಕಾಗಿಯೂ ಇಲ್ಲ. ನಾಲ್ಕು ಸಾಲು ಬರೆಯುವಷ್ಟರಲ್ಲಿ ಬೆರಳು ನೋಯುತ್ತದೆ ಎಂದು ಅಳುವ ಹುಡುಗನಾದರೆ ಇನ್ನೊಂದು ವರ್ಷ ಮಣ್ಣಿನಲ್ಲಿ ಆಡಲಿ ಬಿಡಿ.

ವಿಜಯಪುರ ನಗರದ ಪಾಲಕರು: ಮೇಡಂ, ಮಗಳನ್ನು ಖಾಸಗಿ ಶಾಲೆಯಿಂದ ಬಿಡಿಸಿ ಮನೆ ಹತ್ತಿರದ ಸರ್ಕಾರಿ ಶಾಲೆಗೆ ಹಾಕಬೇಕೆಂದಿದ್ದೇನೆ. ಕಳೆದ ವರ್ಷದ ಬಾಕಿ ಶುಲ್ಕ ಕಟ್ಟುವವರೆಗೆ ವರ್ಗಾವಣೆ ಪತ್ರ ಕೊಡುವುದಿಲ್ಲ ಎನ್ನುತ್ತಿದ್ದಾರೆ. ನಾಲ್ಕನೇ ತರಗತಿಯ ಮಗು ಎರಡು ವಾರದಿಂದ ಮನೆಯಲ್ಲಿದೆ.

ಅಕ್ಕನವರು: ನಾಳೆಯೇ ಸರ್ಕಾರಿ ಶಾಲೆಗೆ ಕರೆದುಕೊಂಡು ಹೋಗಿ ಕೂರಿಸಿ. ಶಿಕ್ಷಣ ಹಕ್ಕು ಕಾಯ್ದೆಯ 5ನೇ ಕಲಂ ಎರಡು ಮಾತು ಹೇಳುತ್ತದೆ. ಬಿಡುವ ಶಾಲೆಯ ಮುಖ್ಯಸ್ಥರು ಪತ್ರವನ್ನು ತಕ್ಷಣ ಕೊಡಬೇಕು. ಪತ್ರ ತಡವಾಯಿತೆಂದು ಸೇರುವ ಶಾಲೆ ಮಗುವನ್ನು ಹಿಂದೆ ಕಳಿಸುವಂತಿಲ್ಲ. ಬಾಕಿ ಹಣ ನಿಮ್ಮ ಮತ್ತು ಆಡಳಿತ ಮಂಡಳಿಯ ನಡುವಿನ ವ್ಯವಹಾರ, ಅದಕ್ಕೆ ಮಗುವನ್ನು ಒತ್ತೆ ಇಡಬಾರದು. ಅರ್ಜಿಯನ್ನು ಬರವಣಿಗೆಯಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ. ಒಂದು ಪ್ರತಿ ಕ್ಷೇತ್ರ ಶಿಕ್ಷಣಾಧಿಕಾರಿಯವರ (ಬಿಇಒ) ಕಚೇರಿಗೆ. ಬಾಯಿಮಾತಿನ ಜಗಳಕ್ಕೆ ಕಡತದಲ್ಲಿ ಜಾಗವಿಲ್ಲ.

ಮುಧೋಳದ ಪಾಲಕರು: ಶಾಲೆಯ ವ್ಯಾನಿನಲ್ಲಿ 18 ಮಕ್ಕಳನ್ನು ತುಂಬುತ್ತಾರೆ. ಯಾರಿಗೆ ದೂರು ಕೊಡಬೇಕು?

ಬಾಗಲಕೋಟೆಯ ತಾಯಿ: ಮಗಳ ತಲೆಯಲ್ಲಿ ಹೇನು ಎಂದು ಶಾಲೆಯಿಂದ ಮನೆಗೆ ಕಳಿಸಿದ್ದಾರೆ. ಎಷ್ಟು ದಿನ ಕಳಿಸಬಾರದು? ನನಗೆ ಒಂದು ಸಂದೇಶವೂ ಬಂದಿದೆ: ಚಿಮಣಿ ಎಣ್ಣೆಯಲ್ಲಿ ಡಾಂಬರ್ ಗುಳಿಗೆ ಅರೆದು ರಾತ್ರಿ ಹಚ್ಚಿ ಬಟ್ಟೆ ಕಟ್ಟಿದರೆ ಬೆಳಿಗ್ಗೆ ಒಂದೂ ಇರುವುದಿಲ್ಲವಂತೆ.

ಅಕ್ಕನವರು: ಹಚ್ಚಬೇಡಿ. ಅದನ್ನು ಬರೆದವನ ತಲೆಗೆ ಹಚ್ಚಿ. ಚಿಮಣಿ ಎಣ್ಣೆ ಹಚ್ಚಿದ ತಲೆಯ ಮಗು ಒಲೆಯ ಹತ್ತಿರ ಹೋದರೆ ಏನಾಗುತ್ತದೆ ಎಂದು ಯೋಚಿಸಿದ್ದೀರಾ? ಡಾಂಬರ್ ಗುಳಿಗೆಯೂ ವಿಷವೇ, ಅದು ಪೆಟ್ಟಿಗೆಯ ಬಟ್ಟೆಗೆ ಇಡುವ ವಸ್ತು. ಔಷಧಿ ಅಂಗಡಿಯಲ್ಲಿ ಪರ್ಮೆಥ್ರಿನ್ ಲೋಷನ್ ಸಿಗುತ್ತದೆ. ಪೊಟ್ಟಣದ ಮೇಲೆ ಬರೆದಂತೆ ಹಚ್ಚಿ, ತೊಳೆದು, ಒದ್ದೆ ಕೂದಲನ್ನು ಸಣ್ಣ ಹಲ್ಲಿನ ಹಣಿಗೆಯಿಂದ ಬಾಚಿ. ಸೀರು ಒಡೆದು ಮತ್ತೆ ಹೇನಾಗುತ್ತವೆ, ಆದ್ದರಿಂದ ಏಳರಿಂದ ಹತ್ತು ದಿನ ಬಿಟ್ಟು ಇನ್ನೊಂದು ಸಲ. ಮನೆಯ ಎಲ್ಲರ ತಲೆಯನ್ನೂ ನೋಡಿ, ಅಜ್ಜಿಯದನ್ನೂ. ಔಷಧಿ ಹಚ್ಚಿದ ಮರುದಿನವೇ ಶಾಲೆಗೆ ಕಳಿಸಿ. ಹೇನಿಗಾಗಿ ಮಗುವಿನ ಪಾಠ ತಪ್ಪಿಸುವ ಅಗತ್ಯವಿಲ್ಲ, ತರಗತಿಯ ಎದುರು ನಿಲ್ಲಿಸಿ ಹೇಳುವುದಂತೂ ತಪ್ಪು.

ತಾಳಿಕೋಟೆಯ ಸದಸ್ಯ: ಡಾಂಬರ್ ಗುಳಿಗೆ ನಮ್ಮ ಮನೆಯಲ್ಲಿ ಮೂವತ್ತು ವರ್ಷದಿಂದ ಹಚ್ಚುತ್ತೇವೆ. ಯಾರಿಗೂ ಏನೂ ಆಗಿಲ್ಲ.

ಅಕ್ಕನವರು: ಹೇನೂ ಮೂವತ್ತು ವರ್ಷದಿಂದ ಇವೆ ಎಂದಾಯಿತು.

ರಬಕವಿಯ ಪಾಲಕರು: ನಮ್ಮ ಮಗುವಿಗೆ 5 ವರ್ಷ 8 ತಿಂಗಳು. ಒಂದನೇ ತರಗತಿ ಸಿಗುತ್ತದೆಯೇ?

ಅಕ್ಕನವರು: ಮೊದಲ ಉತ್ತರ ನೋಡಿ.

ಇಂಡಿ ತಾಲ್ಲೂಕಿನ ಒಬ್ಬ ಮಾವ: ಅಕ್ಕನವರೇ, ಇದು ನನ್ನ ತಂಗಿಯ ಮಗನ ವಿಷಯ. ಅವನಿಗೆ ಈಗ ಹತ್ತು. ತಂಗಿ ಮತ್ತು ಭಾವ ಮೂರು ವರ್ಷದಿಂದ ಕಬ್ಬು ಕಡಿಯುವ ಗ್ಯಾಂಗಿನೊಂದಿಗೆ ಸಾಂಗಲಿ ಕಡೆ ಹೋಗುತ್ತಾರೆ. ದೀಪಾವಳಿಗೆ ಹೋದರೆ ಯುಗಾದಿಗೆ ಬರುತ್ತಾರೆ. ಹುಡುಗನೂ ಜೊತೆಗೆ. ಇಲ್ಲಿ ಎರಡನೇ ತರಗತಿವರೆಗೆ ಓದಿದ್ದಾನೆ. ಅಲ್ಲಿ ಕಾರ್ಖಾನೆಯ ಅಂಗಳದ ಶಾಲೆಯಲ್ಲಿ ಸ್ವಲ್ಪ ದಿನ ಕೂತಿದ್ದನಂತೆ, ಮರಾಠಿ ಓದುತ್ತಾನೆ, ಕನ್ನಡದ ಒತ್ತಕ್ಷರ ಮರೆತಿದ್ದಾನೆ. ಈಗ ಊರಿನ ಶಾಲೆಗೆ ಹೋದರೆ ಹೆಸರು ತೆಗೆದಿದೆ, ಮಹಾರಾಷ್ಟ್ರದ ವರ್ಗಾವಣೆ ಪತ್ರ ತನ್ನಿ, ತಂದರೂ ಮೂರನೇ ತರಗತಿಗೇ ಎನ್ನುತ್ತಾರೆ. ಹುಡುಗ ಆಡು ಮೇಯಿಸುತ್ತಿದ್ದಾನೆ.

ಅಕ್ಕನವರು: ತಮ್ಮಾ, ಇದನ್ನು ಎಲ್ಲಕ್ಕಿಂತ ಮೊದಲು ಕೇಳಬೇಕಾಗಿತ್ತು.

ಹೆಸರು ತೆಗೆದಿದ್ದಾರೆ ಎಂಬುದನ್ನು ಒಪ್ಪಿಕೊಳ್ಳಬೇಡಿ. ಪ್ರಾಥಮಿಕ ಶಿಕ್ಷಣ, ಎಂದರೆ ಎಂಟನೇ ತರಗತಿ, ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ. ಎರಡನೇ ತರಗತಿವರೆಗೆ ಇಲ್ಲಿ ಓದಿದ್ದಾನೆ ಎಂದರೆ ಅವನ ಸ್ಯಾಟ್ಸ್ ಸಂಖ್ಯೆ, ಅಂದರೆ ಶಿಕ್ಷಣ ಇಲಾಖೆ ಪ್ರತಿ ವಿದ್ಯಾರ್ಥಿಗೂ ಕೊಡುವ ಗುರುತಿನ ಸಂಖ್ಯೆ, ಇದ್ದೇ ಇರುತ್ತದೆ. ಹಳೆಯ ಪ್ರಗತಿ ಪತ್ರದಲ್ಲಿ ಹುಡುಕಿ, ಇಲ್ಲದಿದ್ದರೆ ಶಾಲೆಯ ದಾಖಲಾತಿ ವಹಿಯಲ್ಲಿ ತೆಗೆಸಿ. ಆ ಸಂಖ್ಯೆ ಕೈಯಲ್ಲಿದ್ದರೆ ಅರ್ಧ ಮಾತು ಮುಗಿಯಿತು. ಮಹಾರಾಷ್ಟ್ರದ ಪತ್ರ ಸಿಕ್ಕರೆ ಒಳ್ಳೆಯದು, ಸಿಗದಿದ್ದರೆ ದಾಖಲಾತಿ ನಿಲ್ಲಿಸುವಂತಿಲ್ಲ. ಮೇಲೆ ನಗರದವರಿಗೆ ಹೇಳಿದ ಕಾನೂನೇ ನಿಮಗೂ.

ತರಗತಿಯ ಮಾತು ಇನ್ನೂ ಮುಖ್ಯ. 4ನೇ ಕಲಂ ಪ್ರಕಾರ ನಡುವೆ ಶಾಲೆ ಬಿಟ್ಟ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಬೇಕು, ಹತ್ತು ವರ್ಷದವನಿಗೆ ಅದು ಐದನೇ ತರಗತಿ. ಹಿಂದುಳಿದಿದ್ದಕ್ಕೆ ವಿಶೇಷ ತರಬೇತಿ ಕೊಡಬೇಕು, ಮೂರು ತಿಂಗಳಿಂದ ಎರಡು ವರ್ಷದವರೆಗೆ. ಮೂರನೇ ತರಗತಿಯಲ್ಲಿ ಕೂರಿಸಿದರೆ ಶಿಕ್ಷಕರಿಗೆ ಸಲೀಸು ಎಂಬುದು ನನಗೂ ಗೊತ್ತು, ನಾನೂ ಒಂದು ಕಾಲಕ್ಕೆ ಹಾಗೆ ಕೂರಿಸಿದವಳೇ. ಆ ಹುಡುಗನೂ ಕಬ್ಬಿನ ಗ್ಯಾಂಗಿನವನು. ಟ್ರ್ಯಾಕ್ಟರ್ ಟ್ರಾಲಿಯಲ್ಲಿ ಎಷ್ಟು ಟನ್, ಎಷ್ಟು ಖೇಪಿಗೆ ಎಷ್ಟು ಕೂಲಿ ಎಂದು ಬಾಯಿಲೆಕ್ಕದಲ್ಲಿ ಹೇಳುತ್ತಿದ್ದ. ಅವನನ್ನು ಎಂಟು ವರ್ಷದವರ ನಡುವೆ ಕೂರಿಸಿ ‘ಬಸವ, ಕಮಲ’ ಬರೆಸಿದೆ. ಹದಿನೈದನೇ ದಿನಕ್ಕೆ ಬರುವುದನ್ನು ನಿಲ್ಲಿಸಿದ. ತಪ್ಪು ಅವನದಲ್ಲ. ನಿಮ್ಮ ಹುಡುಗನ ಒತ್ತಕ್ಷರ ಆರು ವಾರದ ಕೆಲಸ. ಮರಾಠಿ ಓದುವವನಿಗೆ ಕಾಗುಣಿತದ ತರ್ಕ ಆಗಲೇ ಗೊತ್ತಿದೆ, ಲಿಪಿ ಬೇರೆ, ಅಷ್ಟೇ.

ಮುಂದಿನ ದೀಪಾವಳಿಯನ್ನು ಈಗಲೇ ಯೋಚಿಸಿ. ಗ್ಯಾಂಗಿನ ಮುಖಂಡ ಮುಕಾದಮನಿಂದ ಮುಂಗಡ ಪಡೆಯುವ ಮೊದಲು ಹುಡುಗ ಯಾರ ಮನೆಯಲ್ಲಿ ಉಳಿಯುತ್ತಾನೆ ಎಂಬುದು ತೀರ್ಮಾನವಾಗಬೇಕು. ನಿಮ್ಮಲ್ಲಿ ಇರಬಹುದೇ? ಗುಳೆ ಹೋಗುವವರ ಮಕ್ಕಳಿಗೆ ಋತುಮಾನದ ವಸತಿ ವ್ಯವಸ್ಥೆ ಮಾಡುವ ಅವಕಾಶವೂ ಇದೆ. ಬಿಆರ್‌ಸಿಯಲ್ಲಿ, ಅಂದರೆ ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ, ಈಗಲೇ ಹೆಸರು ಬರೆಸಿ, ದಸರೆಯವರೆಗೆ ಕಾಯಬೇಡಿ.

ಇನ್ನೊಂದು. ಹುಡುಗನಿಗೆ ಅಕ್ಕ ತಂಗಿ ಇದ್ದಾರೆಯೇ?

ಬಸವನ ಬಾಗೇವಾಡಿಯ ತಾಯಿ: ನಮ್ಮ ಮಗಳು ಮೊಟ್ಟೆ ತಿನ್ನುವುದಿಲ್ಲ. ಶಾಲೆಯಲ್ಲಿ ಬಾಳೆಹಣ್ಣು ಬರುತ್ತಿಲ್ಲ, ಅವಳು ಬರಿ ಅನ್ನ ಸಾರು ತಿಂದು ಬರುತ್ತಾಳೆ.

ಅಕ್ಕನವರು: ಬೇಡ ಎನ್ನುವ ಮಕ್ಕಳಿಗೆ ಬಾಳೆಹಣ್ಣು ಕೊಡಬೇಕು. ಮೊದಲು ಶೇಂಗಾ ಚಿಕ್ಕಿಯನ್ನೂ ಕೊಡುತ್ತಿದ್ದರು. ಮಗಳು ಮೊಟ್ಟೆ ತಿನ್ನುವುದಿಲ್ಲ ಎಂದು ಮುಖ್ಯ ಶಿಕ್ಷಕರಿಗೆ ಬರೆದು ಕೊಡಿ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಕೇಳಿ.

ಗೋಕಾಕದ ಸದಸ್ಯ: ಶಾಲೆ ಎಂದರೆ ಸರಸ್ವತಿಯ ಗುಡಿ. ಅಲ್ಲಿ ಮೊಟ್ಟೆ ಏಕೆ ಬೇಕು? ಹಾಲು ಸಾಲದೇ?

ಸಿಂದಗಿಯ ಪಾಲಕರು: ಹಾಲು 2013ರಿಂದ ಕೊಡುತ್ತಿದ್ದಾರೆ. ನನ್ನ ಮಗ ಮೊಟ್ಟೆಗಾಗಿಯೇ ಒಂದು ದಿನವೂ ಶಾಲೆ ತಪ್ಪಿಸುವುದಿಲ್ಲ. ನಿಮ್ಮ ತಾಟಿನಲ್ಲಿ ಯಾರೂ ಹಾಕುತ್ತಿಲ್ಲ.

ಗೋಕಾಕದ ಸದಸ್ಯ: ಒಂದೇ ಸಾಲಿನಲ್ಲಿ ಕೂತಾಗ ಪಕ್ಕದ ಮಗುವಿಗೆ ಮುಜುಗರ ಆಗುವುದಿಲ್ಲವೇ?

ಸಿಂದಗಿಯ ಪಾಲಕರು: ಮುಜುಗರ ಮಕ್ಕಳಿಗಿಲ್ಲ, ದೊಡ್ಡವರು ಕಲಿಸುತ್ತಾರೆ. ನಿಮ್ಮ ಮಕ್ಕಳು ಸರ್ಕಾರಿ ಶಾಲೆಯಲ್ಲಿ ಓದುತ್ತಾರೆಯೇ, ಮೊದಲು ಅದನ್ನು ಹೇಳಿ.

ಗೋಕಾಕದ ಸದಸ್ಯ: ಅದು ನಿಮಗೆ ಬೇಡದ ವಿಷಯ.

ಹುನಗುಂದದ ಸದಸ್ಯ: ಬಂತಲ್ಲ ಉತ್ತರ.

ಬಸವನ ಬಾಗೇವಾಡಿಯ ತಾಯಿ: ನಾನು ಕೇಳಿದ್ದು ಬಾಳೆಹಣ್ಣಿನ ಬಗ್ಗೆ.

ಅಕ್ಕನವರು: ಅಡುಗೆಯವರು ಎರಡು ಸಾಲು ಮಾಡಿ ಬಡಿಸುವುದನ್ನು ನಾನು ವರ್ಷಗಟ್ಟಲೆ ನೋಡಿದ್ದೇನೆ. ಮಕ್ಕಳು ಜಗಳವಾಡಿದ್ದು ಚಿಕ್ಕಿ ಸಣ್ಣದಾಯಿತು ಎಂದು ಮಾತ್ರ. ನಿಲ್ಲಿಸಿ.

ಇಳಕಲ್ಲಿನ ಪಾಲಕರು: ಸಮವಸ್ತ್ರ, ಬೂಟು, ನೋಟುಪುಸ್ತಕ ಎಲ್ಲವನ್ನೂ ಒಂದೇ ಅಂಗಡಿಯಲ್ಲಿ ಕೊಳ್ಳಬೇಕು ಎಂದು ಖಾಸಗಿ ಶಾಲೆಯವರು ಚೀಟಿ ಕೊಟ್ಟಿದ್ದಾರೆ. ಇದು ಸರಿಯೇ?

ಚಿಕ್ಕೋಡಿಯ ಪಾಲಕರು: ಎರಡನೇ ತರಗತಿಯ ಮಗಳ ಚೀಲ ಐದು ಕೆಜಿ ತೂಗುತ್ತದೆ. ಜೊತೆಗೆ ಮೂರು ಪುಟ ಮನೆಗೆಲಸ.

ಅಕ್ಕನವರು: 2019ರ ರಾಜ್ಯ ಸುತ್ತೋಲೆ: ಒಂದು, ಎರಡನೇ ತರಗತಿಗೆ ಒಂದೂವರೆಯಿಂದ ಎರಡು ಕೆಜಿ. ಮೂರರಿಂದ ಐದಕ್ಕೆ ಎರಡರಿಂದ ಮೂರು. ಮೊದಲೆರಡು ತರಗತಿಗೆ ಮನೆಗೆಲಸವೇ ಇಲ್ಲ. ಚೀಲವನ್ನು ತಕ್ಕಡಿಗೆ ಹಾಕಿ ಚಿತ್ರ ತೆಗೆದು ಪಾಲಕರ ಸಭೆಗೆ ಒಯ್ಯಿರಿ. ಅದಕ್ಕೂ ಮೊದಲು ಚೀಲದೊಳಗೆ ನೋಡಿ. ಒಮ್ಮೆ ನನ್ನ ಶಾಲೆಯ ಹುಡುಗನ ಚೀಲದಲ್ಲಿ ಎರಡು ಕೆಜಿ ಗುಂಡುಕಲ್ಲು ಸಿಕ್ಕಿದ್ದವು.

ತಾಳಿಕೋಟೆಯ ಸದಸ್ಯ: (ರವಾನಿಸಿದ ಸಂದೇಶ) ಒಂದರಿಂದ ಹತ್ತನೇ ತರಗತಿಯ ಪ್ರತಿ ವಿದ್ಯಾರ್ಥಿಗೆ 10,000 ರೂಪಾಯಿ! ಇಂದೇ ಕೊನೆಯ ದಿನ! ಲಿಂಕ್ ಒತ್ತಿ ಮಗುವಿನ ಆಧಾರ್ ಸಂಖ್ಯೆ ಹಾಕಿ, ಹತ್ತು ಗುಂಪಿಗೆ ಹಂಚಿ.

ಅಕ್ಕನವರು: ಯಾರೂ ಒತ್ತಬೇಡಿ. ಹತ್ತು ಗುಂಪಿಗೆ ಹಂಚಿ ಎಂದು ಯಾವ ಸರ್ಕಾರವೂ ಆದೇಶದಲ್ಲಿ ಬರೆಯುವುದಿಲ್ಲ. ಆಧಾರ್ ಸಂಖ್ಯೆ ಹಾಕಿದರೆ ಮುಂದೆ ಒಟಿಪಿ ಕೇಳುತ್ತಾರೆ, ಆಮೇಲೆ ಖಾತೆ ಖಾಲಿ. ಬೆಳಿಗ್ಗೆ ಡಾಂಬರ್ ಗುಳಿಗೆ, ಈಗ ಇದು. ನಿರ್ವಾಹಕರೇ, ಇವರನ್ನು ಸ್ವಲ್ಪ ಹೊತ್ತು ಹೊರಗೆ ನಿಲ್ಲಿಸಿ.

ತಾಳಿಕೋಟೆಯ ಸದಸ್ಯ: ಒಳ್ಳೆಯದಾಗಲಿ ಎಂದು ಹಾಕಿದೆ. ಶಿಕ್ಷಕಿಯಾಗಿದ್ದವರು ಹೀಗೆ ಮಾತನಾಡಬಾರದು.

ನಿರ್ವಾಹಕ: ಸಂದೇಶ ಅಳಿಸಲಾಗಿದೆ.

ಅಥಣಿಯ ಪಾಲಕರು: 2020ರ ಮಾರ್ಚ್‌ನಲ್ಲಿ ಹುಟ್ಟಿದ ಮಗುವಿಗೆ ಒಂದನೇ ತರಗತಿ?

ಅಕ್ಕನವರು: ಇಲ್ಲ.

ಅಥಣಿಯ ಪಾಲಕರು: ಎರಡೇ ತಿಂಗಳಲ್ಲವೇ? ಜನನ ಪ್ರಮಾಣಪತ್ರದಲ್ಲಿ ಏನಾದರೂ ಮಾಡಲು ಬರುತ್ತದೆಯೇ?

ಅಕ್ಕನವರು: ಬರುವುದಿಲ್ಲ. ಬಂದರೂ ನಾನು ಹೇಳುವುದಿಲ್ಲ. ಆ ಎರಡು ತಿಂಗಳನ್ನು ಅವನು ನೌಕರಿಗೆ ಸೇರುವವರೆಗೂ ಹೊರಬೇಕಾಗುತ್ತದೆ.

ಮುಧೋಳದ ಪಾಲಕರು: ವ್ಯಾನಿನ ವಿಷಯ ಕೇಳಿದ್ದೆ. ಎಲ್ಲರಿಗೂ ಉತ್ತರ ಸಿಗುತ್ತಿದೆ, ನಮಗೆ ಮಾತ್ರ ಇಲ್ಲ.

ಇಂಡಿ ತಾಲ್ಲೂಕಿನ ಮಾವ: ಅಕ್ಕನವರೇ, ಕ್ಷಮಿಸಿ, ಹೊಲದಲ್ಲಿದ್ದೆ. ಹುಡುಗನಿಗೆ ಒಬ್ಬ ಅಕ್ಕ ಇದ್ದಾಳೆ, ಹನ್ನೆರಡು ವರ್ಷ. ಐದನೇ ತರಗತಿ ಮುಗಿಸಿದ್ದಾಳೆ. ಆರಕ್ಕೆ ಬೇರೆ ಊರಿಗೆ ನಾಲ್ಕು ಕಿಲೋಮೀಟರ್ ನಡೆಯಬೇಕು, ಅದಕ್ಕೆ ಬಿಡಿಸಿದ್ದಾರೆ. ಈಗ ಕೂಸನ್ನು ನೋಡಿಕೊಳ್ಳುತ್ತಾಳೆ, ಗ್ಯಾಂಗಿಗೆ ಹೋದಾಗ ರೊಟ್ಟಿ ಬಡಿಯುತ್ತಾಳೆ. ನಾನು ಕೇಳಿದ್ದು ಹುಡುಗನ ಬಗ್ಗೆ.

ಅಕ್ಕನವರು: ಅದಕ್ಕೇ ನಾನು ಕೇಳಿದ್ದು. ಅಷ್ಟು ಉದ್ದ ಬರೆದಿರಿ, ಆಡುಗಳೂ ಬಂದವು, ಅವಳು ಬರಲಿಲ್ಲ.

ಹುಡುಗನ ಕೆಲಸ ಒಂದು ಅರ್ಜಿಯಲ್ಲಿ ಆಗುತ್ತದೆ. ಹುಡುಗಿಯದು ತಡವಾದಷ್ಟೂ ಕಷ್ಟ. ಅವಳಿಗೂ ಅದೇ ಕಾಯ್ದೆ, ಅದೇ ಹಕ್ಕು. ಆರನೇ ತರಗತಿಯ ಶಾಲೆ ಮೂರು ಕಿಲೋಮೀಟರ್ ಒಳಗೆ ಇರಬೇಕು. ಇಲ್ಲದ ಕಡೆ ವಾಹನ ಅಥವಾ ವಸತಿಯ ವ್ಯವಸ್ಥೆ ಸರ್ಕಾರದ ಹೊಣೆ. ಶಾಲೆ ಬಿಟ್ಟ ಹೆಣ್ಣುಮಕ್ಕಳಿಗಾಗಿಯೇ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯಗಳಿವೆ. ಆರನೇ ತರಗತಿಯಿಂದ ಊಟ, ವಸತಿ, ಪುಸ್ತಕ ಉಚಿತ. ಸೀಟು ತುಂಬುವ ಮೊದಲು ಹೋಗಬೇಕು, ಜೂನ್ ಅರ್ಧ ಮುಗಿಯಿತು. ಅವಳ ಐದನೇ ತರಗತಿಯ ಅಂಕಪಟ್ಟಿ, ಆಧಾರ್, ಜಾತಿ ಪ್ರಮಾಣಪತ್ರ ಹುಡುಕಿ. ಕೂಸನ್ನು ಯಾರು ನೋಡಬೇಕು ಎಂದು ತಂಗಿ ಕೇಳುತ್ತಾಳೆ. ನ್ಯಾಯವಾದ ಪ್ರಶ್ನೆ. ಊರಿನಲ್ಲಿ ಅಂಗನವಾಡಿ ಇದೆ, ನಿಮ್ಮ ಮನೆಯಲ್ಲಿ ಹೆಂಗಸರಿದ್ದಾರೆ, ಕೂತು ಮಾತನಾಡಿ. ಎಲ್ಲಿಯಾದರೂ ಮದುವೆಯ ಮಾತು ಎದ್ದಿದ್ದರೆ ನನಗೆ ಖಾಸಗಿಯಾಗಿ ತಿಳಿಸಿ. ಮಕ್ಕಳ ಸಹಾಯವಾಣಿ 1098 ಇರುವುದೇ ಅದಕ್ಕೆ.

ಗೋಕಾಕದ ಸದಸ್ಯ: ಒಂದೇ ಕುಟುಂಬಕ್ಕೆ ಇಷ್ಟು ಸಮಯ ಕೊಟ್ಟರೆ ಉಳಿದವರ ಗತಿ?

ಅಕ್ಕನವರು: ಉಳಿದವರ ಮಕ್ಕಳು ಶಾಲೆಯಲ್ಲಿದ್ದಾರೆ.

ನಿರ್ವಾಹಕ: ಸಂಜೆ ಆರಾಯಿತು. ಹೊಸ ಪ್ರಶ್ನೆಗಳು ಬೇಡ.

ಜಮಖಂಡಿಯ ತಾಯಿ: ಧನ್ಯವಾದಗಳು ಅಕ್ಕನವರೇ. ಬೆರಳು ನೋಯುತ್ತದೆ ಎಂದೇ ಅಳುತ್ತಾನೆ. ಮುಂದಿನ ವರ್ಷ ನೋಡುತ್ತೇವೆ.

ಮುಧೋಳದ ಪಾಲಕರು: ವ್ಯಾನ್?

ಇಂಡಿ ತಾಲ್ಲೂಕಿನ ಮಾವ: ಅಕ್ಕನವರೇ, ರಾತ್ರಿ ತಂಗಿಯ ಮನೆಗೆ ಹೋಗಿದ್ದೆ. ಮದುವೆಯ ಮಾತು ಇಲ್ಲ. ಹುಡುಗನ ಪ್ರಗತಿ ಪತ್ರ ಸಿಗಲಿಲ್ಲ, ಮಳೆಯಲ್ಲಿ ನೆನೆದು ಹೋಗಿದೆಯಂತೆ. ಹುಡುಗಿಯ ಅಂಕಪಟ್ಟಿ ಎಲ್ಲಿ ಎಂದು ತಂಗಿಗೂ ಗೊತ್ತಿರಲಿಲ್ಲ. ಹುಡುಗಿಯೇ ಒಳಗೆ ಹೋಗಿ ಜೋಳದ ಹಿಟ್ಟಿನ ಡಬ್ಬಿಯ ಕೆಳಗಿನಿಂದ ತಂದಳು. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟಿದ್ದಳು.

ಅಕ್ಕನವರು: ನಾಳೆ ಹನ್ನೊಂದಕ್ಕೆ ಇಂಡಿಯ ಬಿಇಒ ಕಚೇರಿಯ ಎದುರು ಇರುತ್ತೇನೆ. ಅವಳನ್ನೂ ಕರೆದುಕೊಂಡು ಬನ್ನಿ. ಅಂಕಪಟ್ಟಿ ಅವಳ ಕೈಯಲ್ಲೇ ಇರಲಿ.