ಹಳೆ ಥಿಯೇಟರ್‌ನಲ್ಲಿ ಮಾತು ಯಾಕೆ ಕೇಳಿಸುವುದಿಲ್ಲ? ನಮ್ಮ ಮನೆ ಗುಂಪಿನಲ್ಲಿ ನಡೆದ ವಾದ

ಕಿರಣ್: (ಫಾರ್ವರ್ಡ್) "ಹಳೆ ಕಾಲದ ದೊಡ್ಡ ಥಿಯೇಟರ್‌ಗಳಲ್ಲಿ ಸಿಗುತ್ತಿದ್ದ ಸೌಂಡು, ಚಿತ್ರ ಇವತ್ತಿನ ಯಾವ ಮಲ್ಟಿಪ್ಲೆಕ್ಸ್‌ನಲ್ಲೂ ಸಿಗುವುದಿಲ್ಲ. ಆ ಗೋಡೆಗಳಿಗೇ ಸಂಗೀತ ಗೊತ್ತಿತ್ತು. ಒಪ್ಪುವವರು ಹತ್ತು ಜನರಿಗೆ ಕಳಿಸಿ."

ಶಿವಣ್ಣ ದೊಡ್ಡಪ್ಪ: ನೂರಕ್ಕೆ ನೂರು ನಿಜ. ಪ್ರೊಜೆಕ್ಟರ್ ಪಕ್ಕದಲ್ಲೇ ಕೆಲಸ ಮಾಡಿದವನು ನಾನು. 70 ಎಂಎಂ ಅಗಲದ ಫಿಲ್ಮ್ ಪ್ರಿಂಟ್ ಓಡುವಾಗ ಹಾಲ್ ತುಂಬುತ್ತಿದ್ದ ಆ ಸೌಂಡು ಈಗಿನ ಚಿಕ್ಕ ಚಿಕ್ಕ ಹಾಲ್‌ಗಳಲ್ಲಿ ಬರುವುದಕ್ಕೆ ಸಾಧ್ಯವೇ ಇಲ್ಲ.

ವಿನಯ್: ಅಪ್ಪ, ಈ ಮಾತು ಎಷ್ಟು ಸಲ ಆಯಿತು! ಈಗ ಡಾಲ್ಬಿ ಅಟ್ಮಾಸ್ ಅನ್ನುವ ಸೌಂಡ್ ಪದ್ಧತಿ ಇದೆ. 2012ರಿಂದಲೇ ಚಾವಣಿಯಿಂದಲೂ ಸೌಂಡ್ ಬರುತ್ತಿದೆ. ಹಳೆ ಹಾಲ್‌ಗಳನ್ನು ನಾಟಕಕ್ಕೋ ಮದುವೆಗೋ ಬಿಟ್ಟುಕೊಟ್ಟರೆ ಸಾಕು. ಸಿನಿಮಾ ನೋಡುವುದಕ್ಕೆ ಅವು ಬೇಡ.

ಲಲಿತಾ ಚಿಕ್ಕಮ್ಮ: ಮೊನ್ನೆ ನಾನು ಅಂಥದ್ದೇ ಒಂದು ಹಳೆ ಥಿಯೇಟರ್‌ಗೆ ಹೋಗಿದ್ದೆ. ಹೊಸದಾಗಿ ರಿಪೇರಿ ಮಾಡಿ ತೆರೆದಿದ್ದಾರೆ. ಚಾವಣಿಯ ಕೆತ್ತನೆ ನೋಡಿ ತುಂಬಾ ಖುಷಿಯಾಯಿತು. ಆದರೆ ಸಿನಿಮಾ ಶುರುವಾದ ಮೇಲೆ ಅರ್ಧ ಮಾತು ಅರ್ಥವಾಗಲಿಲ್ಲ. ಬಾವಿಯೊಳಗಿಂದ ಯಾರೋ ಕೂಗಿದ ಹಾಗೆ ಇತ್ತು. ಹೊರಗೆ ಬಂದು ಹೇಳಿದರೆ "ಮುಂದಿನ ಶೋಗೆ ವಾಲ್ಯೂಮ್ ಜಾಸ್ತಿ ಇಡುತ್ತೇವೆ" ಎಂದರು.

ಸ್ಮಿತಾ: ಅಯ್ಯೋ ಚಿಕ್ಕಮ್ಮ, ಅದನ್ನೊಂದು ಮಾಡಬಾರದು! ವಾಲ್ಯೂಮ್ ಏರಿಸಿದರೆ ಮಾತಿನ ಜೊತೆ ಹಾಲ್‌ನ ಮೊಳಗೂ (ಗೋಡೆ, ಚಾವಣಿಗೆ ಬಡಿದು ಸುತ್ತುತ್ತಾ ಉಳಿಯುವ ಸೌಂಡ್) ಅಷ್ಟೇ ಏರುತ್ತದೆ. ಮಾತು ಸ್ಪಷ್ಟವಾಗುವುದಿಲ್ಲ. ಗದ್ದಲ ಮಾತ್ರ ಜಾಸ್ತಿಯಾಗುತ್ತದೆ. ಹತ್ತರಲ್ಲಿ ಒಂಬತ್ತು ಕಡೆ ಇದನ್ನೇ ಮಾಡುತ್ತಾರೆ ಅನ್ನುವುದು ನನಗೆ ನಿಜವಾಗಿಯೂ ಬೇಜಾರು.

ಶಿವಣ್ಣ ದೊಡ್ಡಪ್ಪ: ಸ್ಮಿತಾ, ಹಾಲ್ ಮೇಲೆ ತಪ್ಪು ಹೊರಿಸಬೇಡಮ್ಮ. ಅದೇ ಥರದ ಹಾಲ್‌ನಲ್ಲಿ ನಾವು ವರ್ಷಗಟ್ಟಲೆ ಸಿನಿಮಾ ಓಡಿಸಿದ್ದೇವೆ. ಮಾತು ಕೇಳಿಸುವುದಿಲ್ಲ ಎಂದು ಯಾರೂ ಬಂದು ಹೇಳಲಿಲ್ಲ.

ಸ್ಮಿತಾ: ದೊಡ್ಡಪ್ಪ, ನೀವು ಹೇಳುವುದು ಪೂರ್ತಿ ನಿಜ. ಯಾಕೆ ಕೇಳಿಸುತ್ತಿತ್ತು ಅನ್ನುವುದೇ ಮುಖ್ಯ. ಫಾರ್ವರ್ಡ್ ಮಾಡಿದವರಿಗೆ ಅದು ಗೊತ್ತಿಲ್ಲ. ರಿಪೇರಿ ಮಾಡಿದವರಿಗೂ ಗೊತ್ತಿಲ್ಲ ಅನ್ನಿಸುತ್ತದೆ.

ಕಿರಣ್: ಹೇಳು ಮತ್ತೆ. ಇಡೀ ದಿನ ಸೌಂಡ್ ಮಿಕ್ಸಿಂಗ್‌ನಲ್ಲಿ ಕೂರುವವಳು ನೀನೇ ಅಲ್ವಾ.

ಸ್ಮಿತಾ: ಉದ್ದ ಆಗುತ್ತದೆ, ಓದಿ. ಆ ದೊಡ್ಡ ಥಿಯೇಟರ್‌ಗಳು ಜಾಸ್ತಿ ಎದ್ದಿದ್ದು 1920ರ ದಶಕದಲ್ಲಿ, ಮೂಕಿ ಚಿತ್ರಗಳ ಕಾಲದಲ್ಲಿ. ಹಾಲ್‌ನಲ್ಲಿ ಕೇಳಬೇಕಾಗಿದ್ದುದು ಪೈಪ್ ಆರ್ಗನ್ ಮತ್ತು ವಾದ್ಯವೃಂದ. ಆರ್ಗನ್‌ಗೆ ಎರಡು ಸೆಕೆಂಡ್ ಮೊಳಗಿದ್ದರೆ ಚೆಂದ. ಒಂದು ಸ್ವರ ಇನ್ನೊಂದರೊಳಗೆ ಕರಗುತ್ತದೆ. ಎತ್ತರದ ಗುಮ್ಮಟ, ಗಟ್ಟಿ ಗಾರೆಯ ಗೋಡೆ ಅದಕ್ಕೆ ಹೊಂದುತ್ತಿದ್ದವು. ಮಾತಿನ ಸಿನಿಮಾ ಬಂದಿದ್ದು 1926-27ರ ಹೊತ್ತಿಗೆ. ಮಾತಿಗೆ ಆ ಮೊಳಗು ಒಂದು ಸೆಕೆಂಡಿನ ಒಳಗೇ ಸಾಯಬೇಕು. ಇಲ್ಲದಿದ್ದರೆ ಹಿಂದಿನ ಅಕ್ಷರ ಮುಂದಿನ ಅಕ್ಷರವನ್ನು ನುಂಗುತ್ತದೆ. ಚಿಕ್ಕಮ್ಮನಿಗೆ ಆಗಿದ್ದು ಅದೇ.

ವಿನಯ್: ನೋಡಿ, ನಾನು ಹೇಳಿದ್ದೂ ಅದೇ. ಹಾಲೇ ಸಿನಿಮಾಗೆ ಕಟ್ಟಿದ್ದಲ್ಲ.

ಸ್ಮಿತಾ: ತಡೆ ವಿನಯ್, ಮುಗಿದಿಲ್ಲ. ಹಾಗಿದ್ದರೂ ಜನರಿಗೆ ಮಾತು ಕೇಳಿಸುತ್ತಿತ್ತಲ್ಲ? ಅದಕ್ಕೆ ಕಾರಣ ಪರದೆಯ ಹಿಂದಿನ ಹಾರ್ನ್, ಅಂದರೆ ಕಹಳೆಯ ಹಾಗೆ ಅಗಲ ಬಾಯಿಯ ಸ್ಪೀಕರ್. ಆಗಿನ ಆಂಪ್ಲಿಫೈಯರ್‌ಗಳ ಶಕ್ತಿ ಬಹಳ ಕಡಿಮೆ. ಅಷ್ಟರಲ್ಲೇ ಸಾವಿರಾರು ಜನರಿಗೆ ಕೇಳಿಸಬೇಕಿತ್ತು. ಹಾಗಾಗಿ ಸೌಂಡನ್ನು ಗೋಡೆ, ಚಾವಣಿಗೆ ಚೆಲ್ಲದೆ ನೇರ ಜನರ ಕಡೆ ತಳ್ಳುವ ದೊಡ್ಡ ಹಾರ್ನ್‌ಗಳನ್ನು ಕಟ್ಟಿದರು. ಅದೂ ಅಲ್ಲದೆ ಫಿಲ್ಮಿನ ಪಕ್ಕದ ಸೌಂಡ್ ಪಟ್ಟಿಯಲ್ಲಿ ತೀರಾ ಕೆಳಗಿನ ಬೇಸ್ ಇರುತ್ತಿರಲಿಲ್ಲ. ತೀರಾ ಮೇಲಿನದೂ ಇರುತ್ತಿರಲಿಲ್ಲ. ಮಧ್ಯದ ಭಾಗ, ಅಂದರೆ ಮನುಷ್ಯರ ದನಿ ಇರುವ ಜಾಗವೇ ಎದ್ದು ಬರುತ್ತಿತ್ತು. ಆ ಹಾಲ್‌ಗೆ ಆ ಸೌಂಡ್ ಸರಿಹೋಗುತ್ತಿತ್ತು.

ಶಿವಣ್ಣ ದೊಡ್ಡಪ್ಪ: ಇದು ಒಪ್ಪುವ ಮಾತು. ಪರದೆ ಹಿಂದೆ ಹೋಗಿ ನಿಂತರೆ ಹಾರ್ನ್‌ನ ಬಾಯಿ ಆಳೆತ್ತರ ಇರುತ್ತಿತ್ತು.

ಸ್ಮಿತಾ: ಹೂಂ. ಈಗ ರಿಪೇರಿ ಅಂತ ಏನು ಮಾಡುತ್ತಾರೆ? ಆ ಹಾರ್ನ್ ತೆಗೆದು ಎಸೆಯುತ್ತಾರೆ. ಬೇಸ್‌ಗೆ ಅಂತ ಸಬ್‌ವೂಫರ್ ತಂದಿಡುತ್ತಾರೆ. ಪಕ್ಕದ ಗೋಡೆಗಳಿಗೆ ಸಾಲಾಗಿ ಸರೌಂಡ್ ಸ್ಪೀಕರ್ ಹಾಕುತ್ತಾರೆ. ಕುರ್ಚಿಯ ಮೆತ್ತೆ, ಪರದೆ ಬಟ್ಟೆ ಎಲ್ಲ ಎಳೆದುಕೊಳ್ಳುವುದು ಮೇಲಿನ ಸ್ವರಗಳನ್ನು. ಬೇಸ್‌ಗೆ ಅವು ಲೆಕ್ಕಕ್ಕೇ ಇಲ್ಲ. ಹಾಗಾಗಿ ಆ ಗುಮ್ಮಟದ ಕೆಳಗೆ ಬೇಸ್ ಸುತ್ತುತ್ತಲೇ ಇರುತ್ತದೆ, ಮಾತು ಅದರ ಕೆಳಗೆ ಮುಳುಗುತ್ತದೆ. ಉಪಕರಣ ಹೊಸದು, ದುಬಾರಿಯದು, ಆದರೂ ಮೊದಲಿಗಿಂತ ಕೆಟ್ಟ ಸೌಂಡ್!

ಲಲಿತಾ ಚಿಕ್ಕಮ್ಮ: ನಾನು ಕೂತಿದ್ದುದು ಬಾಲ್ಕನಿಯ ಕೆಳಗೆ, ತೀರಾ ಹಿಂದೆ. ಅದರಿಂದಲೂ ಏನಾದರೂ ಆಯಿತೇನೇ?

ಸ್ಮಿತಾ: ಖಂಡಿತ ಆಗುತ್ತದೆ ಚಿಕ್ಕಮ್ಮ. ಅದು ಹಾಲ್‌ನ ಅತಿ ಕಷ್ಟದ ಜಾಗ. ತಲೆ ಮೇಲೆ ತಗ್ಗಿದ ಚಾವಣಿ, ಪರದೆಯ ಕಡೆಯಿಂದ ಬರುವುದಕ್ಕೆ ಒಂದು ಸಂದು ಮಾತ್ರ. ಹಾರ್ನ್‌ನ ಗುರಿ ಬಾಲ್ಕನಿಯ ಕಡೆ ಇದ್ದರೆ ನಿಮಗೆ ಸಿಗುವುದು ಮಿಕ್ಕಿದ್ದು. ಇನ್ನೊಂದು ವಿಷಯ. ಸೌಂಡ್ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ಸಿನಿಮಾ ಸೆಕೆಂಡಿಗೆ 24 ಫ್ರೇಮ್. ಒಂದು ಫ್ರೇಮ್ ಕಳೆಯುವಷ್ಟರಲ್ಲಿ ಸೌಂಡ್ ಸಾಗುವುದು 14 ಮೀಟರ್ ಅಷ್ಟೇ. ಪರದೆಯಿಂದ 40 ಮೀಟರ್ ದೂರ ಕೂತವರಿಗೆ ಮಾತು ತುಟಿಗಿಂತ ಹತ್ತಿರ ಹತ್ತಿರ ಮೂರು ಫ್ರೇಮ್ ತಡ. ಮೊದಲೇ ಕಲಸಿಹೋದ ಮಾತು. ತುಟಿ ನೋಡಿ ಊಹಿಸೋಣ ಎಂದರೆ ಅದೂ ಹೊಂದುವುದಿಲ್ಲ.

ಕಿರಣ್: ಹಾಗಾದರೆ ಮುಂದಿನ ಸಾಲಿನವರೇ ಪುಣ್ಯವಂತರು.

ಸ್ಮಿತಾ: ಅಲ್ಲ ಅಣ್ಣ, ಅವರಿಗೆ ಬೇರೆ ಕಾಟ. ಹಿಂದಿನ ಗೋಡೆಗೆ ಹೊಡೆದ ಸೌಂಡ್ ವಾಪಸ್ ಮುಂದಕ್ಕೆ ಬರುತ್ತದೆ. ಹೋಗಿ ಬರುವುದಕ್ಕೆ 80 ಮೀಟರ್, ಸೆಕೆಂಡಿನ ಕಾಲು ಭಾಗದ ಹತ್ತಿರ. ಅಷ್ಟು ತಡವಾದರೆ ಕಿವಿಗೆ ಅದು ಎರಡನೇ ಮಾತಾಗಿಯೇ ಕೇಳಿಸುತ್ತದೆ. ಅದಕ್ಕೇ ಹಿಂದಿನ ಗೋಡೆಗೆ ಮೊದಲು ದಪ್ಪ ಮೆತ್ತೆ ಹೊದಿಸಬೇಕು. ಸ್ಪೀಕರ್ ಕೊಳ್ಳುವುದು ಆಮೇಲೆ.

ವಿನಯ್: ಇಷ್ಟೆಲ್ಲ ತಾಪತ್ರಯ ಯಾಕೆ? ಹೊಸ ಹಾಲ್ ಕಟ್ಟಿದರೆ ಮುಗಿಯಿತಲ್ಲ.

ಸ್ಮಿತಾ: ಹೊಸ ಹಾಲ್‌ನಲ್ಲಿ ಎಲ್ಲ ಸರಿ ಇದೆ ಅಂದುಕೊಂಡಿದ್ದೀಯಾ? ಸಿನಿಮಾ ಮಿಕ್ಸ್ ಮಾಡುವಾಗ ವಾಲ್ಯೂಮ್ ಹೊಂದಿಸುವ ಫೇಡರ್ 7ರಲ್ಲಿ ಇಟ್ಟು ಕೇಳುತ್ತೇವೆ. ಪರದೆಯ ಹಿಂದಿನ ಒಂದೊಂದು ಸ್ಪೀಕರೂ 85 ಡೆಸಿಬೆಲ್ ಕೊಡುವ ಹಾಗೆ ಹೊಂದಿಸಿದ ಮಟ್ಟ ಅದು. ಜಾಹೀರಾತು, ಟ್ರೇಲರ್ ಜೋರಾಯಿತು ಎಂದು ಯಾರೋ ಬೈದರೆಂದು ಎಷ್ಟೋ ಮಲ್ಟಿಪ್ಲೆಕ್ಸ್‌ಗಳಲ್ಲಿ ಅದನ್ನು 5ಕ್ಕೋ 4ಕ್ಕೋ ಇಳಿಸಿ ಹಾಗೇ ಬಿಡುತ್ತಾರೆ. ಆಮೇಲೆ ಪಿಸುಮಾತು ಯಾರಿಗೂ ಕೇಳಿಸುವುದಿಲ್ಲ. ಹಳೆ ಹಾಲ್ ಕೆಡುವುದು ಮೊಳಗಿನಿಂದ, ಹೊಸದು ಕೆಡುವುದು ಅಸಡ್ಡೆಯಿಂದ.

ಶಿವಣ್ಣ ದೊಡ್ಡಪ್ಪ: ಸೌಂಡ್ ವಿಷಯ ನಿನಗೇ ಬಿಟ್ಟೆ. ಚಿತ್ರದ ವಿಷಯದಲ್ಲಿ ನಾನು ಸೋಲುವವನಲ್ಲ. ಆ ಅಗಲ, ಆ ಬಣ್ಣ, ಪ್ರೊಜೆಕ್ಟರ್‌ನೊಳಗೆ ಉರಿಯುವ ಕಾರ್ಬನ್ ಕಡ್ಡಿಯ ಆ ಬೆಳಕು! ಎರಡು ಕಡ್ಡಿಗಳ ನಡುವಿನ ಸಂದನ್ನು ಕಣ್ಣಿಟ್ಟು ಕಾಯುತ್ತಾ ಕೂರುತ್ತಿದ್ದೆವು. ಸ್ವಲ್ಪ ಹೆಚ್ಚುಕಮ್ಮಿಯಾದರೂ ಪರದೆಯ ಬಣ್ಣ ಬದಲಾಗುತ್ತಿತ್ತು. ಇಪ್ಪತ್ತು ನಿಮಿಷಕ್ಕೊಂದು ರೀಲು. ರೀಲು ಮುಗಿಯುವ ಹೊತ್ತಿಗೆ ಪರದೆಯ ಮೂಲೆಯಲ್ಲಿ ಚುಕ್ಕೆ ಕಂಡ ತಕ್ಷಣ ಇನ್ನೊಂದು ಮಷೀನ್‌ಗೆ ದಾಟಿಸಬೇಕು. ಈಗ ಗುಂಡಿ ಒತ್ತಿ ಹೊರಟುಹೋಗುತ್ತಾರೆ. ಚಿತ್ರ ಫೋಕಸ್‌ನಲ್ಲಿದೆಯೋ ಇಲ್ಲವೋ ನೋಡುವವರೇ ಇಲ್ಲ.

ಸ್ಮಿತಾ: ನಿಮ್ಮ ಆ ಕಾವಲು ಈಗ ಇಲ್ಲವೇ ಇಲ್ಲ ದೊಡ್ಡಪ್ಪ. ಅದು ದೊಡ್ಡ ನಷ್ಟ. ಆದರೆ ಪ್ರೊಜೆಕ್ಟರ್ ಇಡುವ ಕ್ಯಾಬಿನ್ ಎಲ್ಲಿತ್ತು ಹೇಳಿ? ಬಾಲ್ಕನಿಯ ಹಿಂದೆ, ಚಾವಣಿಗೆ ತಾಗಿಕೊಂಡು, ಅಲ್ವಾ?

ಶಿವಣ್ಣ ದೊಡ್ಡಪ್ಪ: ಹೌದು. ಕಡಿದಾಗಿ ಕೆಳಕ್ಕೆ ಬಿಡಬೇಕಿತ್ತು.

ಸ್ಮಿತಾ: ಅಷ್ಟು ಮೇಲಿಂದ ಬಿಟ್ಟರೆ ಚಿತ್ರದ ಕೆಳಗಿನ ಅಂಚು ಅಗಲ, ಮೇಲಿನದು ಕಿರಿದು. ಬೆಳಕು ಪರದೆಯ ಕೆಳಭಾಗ ಮುಟ್ಟುವುದಕ್ಕೆ ಜಾಸ್ತಿ ದೂರ ಹೋಗಬೇಕಲ್ಲ. ಪ್ರೊಜೆಕ್ಟರ್‌ನಲ್ಲಿ ಚಿತ್ರದ ಅಂಚು ಕತ್ತರಿಸುವ ಗೇಟಿನ ತಗಡನ್ನು ಅರದಿಂದ ಉಜ್ಜಿ ಅಂಚು ನೇರ ಮಾಡುತ್ತಿದ್ದರು. ಅಂಚೇನೋ ನೇರವಾಗುತ್ತಿತ್ತು, ಒಳಗಿನ ಚಿತ್ರ ಸೊಟ್ಟಗೇ ಉಳಿಯುತ್ತಿತ್ತು. ಮೇಲು ಕೆಳಗು ಎರಡನ್ನೂ ಒಟ್ಟಿಗೆ ಫೋಕಸ್ ಮಾಡುವುದೂ ಕಷ್ಟ.

ಶಿವಣ್ಣ ದೊಡ್ಡಪ್ಪ: ತಗಡು ಉಜ್ಜುವ ಕೆಲಸ ನಾನೇ ಮಾಡಿದ್ದೇನೆ. ಪರದೆ ನೋಡುತ್ತಾ ಸ್ವಲ್ಪ ಸ್ವಲ್ಪವೇ ಉಜ್ಜಬೇಕು. ಜಾಸ್ತಿಯಾದರೆ ತಗಡು ಹೋಯಿತು. ಆದರೆ ಎಲ್ಲ ಕಡೆಯೂ ಹಾಗಿರಲಿಲ್ಲ. ನ್ಯೂಯಾರ್ಕ್‌ನ ರಾಕ್ಸಿ ಥಿಯೇಟರ್ ಇತ್ತಲ್ಲ, 1927ರಲ್ಲಿ ಕಟ್ಟಿದ್ದು, ಸುಮಾರು ಆರು ಸಾವಿರ ಜನ ಕೂರುವ ಹಾಲ್. ಅಲ್ಲಿ ಕ್ಯಾಬಿನ್ನನ್ನು ಬಾಲ್ಕನಿಯ ಮುಂಭಾಗದಲ್ಲೇ ಕೊರೆದು ಕೂರಿಸಿದ್ದರು. ಬೆಳಕು ಹೆಚ್ಚುಕಡಿಮೆ ನೇರ ಹೋಗುತ್ತಿತ್ತು. ಆಗಿನವರಿಗೂ ಇದೆಲ್ಲ ಗೊತ್ತಿತ್ತು ಮಗಳೇ.

ಸ್ಮಿತಾ: ರಾಕ್ಸಿ ನೆನಪಿಸಿದ್ದಕ್ಕೆ ಥ್ಯಾಂಕ್ಸ್ ದೊಡ್ಡಪ್ಪ. ಅದನ್ನು 1960ರಲ್ಲಿ ಕೆಡವಿಬಿಟ್ಟರು ಅನ್ನುವುದು ಹೊಟ್ಟೆ ಉರಿಸುತ್ತದೆ. ಆಗಿನವರಿಗೆ ಗೊತ್ತಿತ್ತು ಅನ್ನುವುದೇ ನನ್ನ ವಾದವೂ. 1952ರ ಸಿನೆರಾಮಾ ಅನ್ನುವ ಅಗಲ ಪರದೆಯ ಪದ್ಧತಿ ನೋಡಿ. ಮೂರು ಪ್ರೊಜೆಕ್ಟರ್, 146 ಡಿಗ್ರಿ ಬಾಗಿದ ಪರದೆ. ಅಷ್ಟು ಬಾಗಿದರೆ ಒಂದು ಬದಿಯ ಬೆಳಕು ಇನ್ನೊಂದು ಬದಿಗೆ ಬಿದ್ದು ಚಿತ್ರ ಮಂಕಾಗುತ್ತದೆ. ಅದಕ್ಕೆ ಇಡೀ ಪರದೆಯನ್ನು ನೂರಾರು ಉದ್ದುದ್ದ ಪಟ್ಟಿಗಳಾಗಿ ಮಾಡಿ, ಒಂದೊಂದನ್ನೂ ಜನರ ಕಡೆ ತಿರುಗಿಸಿ ಕಟ್ಟಿದರು. ಎಷ್ಟು ಕಾಳಜಿ! ಈಗ ರಿಪೇರಿಯಲ್ಲಿ ಪರದೆ ಯಾವುದು ಎಂದು ಕೇಳಿದರೆ "ಬಿಳಿಯದು" ಅನ್ನುತ್ತಾರೆ.

ವಿನಯ್: ಈಗ ಲೇಸರ್ ಪ್ರೊಜೆಕ್ಟರ್ ಇದೆ. 4ಕೆ ಇದೆ. ಪಿಕ್ಸೆಲ್ ಲೆಕ್ಕದಲ್ಲಿ 4096 ಅಡ್ಡ, 2160 ಉದ್ದ. ಹಳೆಯ ಪ್ರಿಂಟ್ ಗೀರು, ನಡುಕ, ಕೊಳೆ ಯಾವುದೂ ಇಲ್ಲ. ಇದನ್ನಾದರೂ ಒಪ್ಪಿಕೊಳ್ಳಿ.

ಸ್ಮಿತಾ: ಒಪ್ಪಿದೆ. ಓಡಿ ಓಡಿ ಸವೆದ ಪ್ರಿಂಟ್‌ಗಿಂತ ಡಿಜಿಟಲ್ ಎಷ್ಟೋ ಮೇಲು. ಆದರೆ ಬೆಳಕು ಸಾಲದಿದ್ದರೆ ಎಷ್ಟು ಪಿಕ್ಸೆಲ್ ಇದ್ದು ಏನು ಪ್ರಯೋಜನ? ಡಿಜಿಟಲ್‌ಗೆ ಪರದೆಯ ಮಧ್ಯದಲ್ಲಿ 14 ಫುಟ್-ಲ್ಯಾಂಬರ್ಟ್ (ಪರದೆಯ ಹೊಳಪಿನ ಅಳತೆ) ಬೆಳಕಿರಬೇಕು ಎಂದು ನಿಯಮವೇ ಇದೆ. ಪರದೆಯ ವಿಸ್ತೀರ್ಣ ಎರಡರಷ್ಟಾದರೆ ಬೆಳಕೂ ಎರಡರಷ್ಟು ಬೇಕು. ದೊಡ್ಡ ಹಾಲ್‌ಗೆ ಚಿಕ್ಕ ಹಾಲ್‌ನ ಪ್ರೊಜೆಕ್ಟರ್ ತಂದು ಕೂರಿಸಿದರೆ ರಾತ್ರಿಯ ದೃಶ್ಯದಲ್ಲಿ ಮುಖವೇ ಕಾಣುವುದಿಲ್ಲ. ಕ್ಯಾಬಿನ್ ಕಿಟಕಿಯ ಗಾಜು ಒರೆಸದಿದ್ದರೆ ಇರುವ ಬೆಳಕೂ ಹೋಗುತ್ತದೆ.

ಶಿವಣ್ಣ ದೊಡ್ಡಪ್ಪ: ಗಾಜು! ನಾವು ದಿನಾ ಬೆಳಿಗ್ಗೆ ಒರೆಸುತ್ತಿದ್ದೆವು.

ಕಿರಣ್: ಹಾಗಾದರೆ ಆ 70 ಎಂಎಂ ಸೌಂಡ್ ಸುಳ್ಳಾ? ಅದನ್ನು ಹೇಳಿಬಿಡು.

ಸ್ಮಿತಾ: ಸುಳ್ಳಲ್ಲ ಅಣ್ಣ. 1955ರ ಟಾಡ್-ಏಓ ಅನ್ನುವ 70 ಎಂಎಂ ಪದ್ಧತಿಯಲ್ಲಿ ಸೌಂಡಿಗೆ ಆರು ಮ್ಯಾಗ್ನೆಟಿಕ್ ಟ್ರ್ಯಾಕ್ ಇದ್ದವು. ಐದು ಪರದೆಯ ಹಿಂದೆ, ಒಂದು ಸರೌಂಡ್‌ಗೆ. ಪರದೆಯ ಹಿಂದೆ ಐದು! ನಟ ಎಡದಿಂದ ಬಲಕ್ಕೆ ನಡೆದರೆ ಮಾತೂ ಅವನ ಜೊತೆ ನಡೆಯುತ್ತಿತ್ತು. ಈಗಿನ ಎಷ್ಟೋ ಹಾಲ್‌ಗಳಲ್ಲಿ ಪರದೆಯ ಹಿಂದೆ ಇರುವುದು ಮೂರೇ. ದೊಡ್ಡಪ್ಪ ಅದನ್ನು ನೆನೆಸಿಕೊಳ್ಳುವುದು ನ್ಯಾಯವೇ. ಆದರೆ ಎಲ್ಲ ಸಿನಿಮಾಗಳೂ ಆ ಸೌಂಡಿನಲ್ಲಿ ಬರುತ್ತಿರಲಿಲ್ಲ. ಬಹುಪಾಲು ಮೋನೋ, ಅಂದರೆ ಒಂದೇ ಟ್ರ್ಯಾಕ್.

ಲಲಿತಾ ಚಿಕ್ಕಮ್ಮ: ಇದೆಲ್ಲ ಸರಿ. ನಾನು ಆ ಥಿಯೇಟರ್‌ಗೆ ಮತ್ತೆ ಹೋಗಬೇಕು, ಆ ಚಾವಣಿಗೋಸ್ಕರವಾದರೂ. ಎಲ್ಲಿ ಕೂರಲಿ?

ಸ್ಮಿತಾ: ಕೆಳಗಾದರೆ ಬಾಲ್ಕನಿಯ ಅಂಚಿಗಿಂತ ಎರಡು ಮೂರು ಸಾಲು ಮುಂದೆ, ಮಧ್ಯದಲ್ಲಿ. ಪಕ್ಕದ ಗೋಡೆಗೆ ಹತ್ತಿರ ಬೇಡ, ಅಲ್ಲಿ ಸರೌಂಡ್ ಸ್ಪೀಕರ್ ಪರದೆಗಿಂತ ಮೊದಲೇ ಕಿವಿಗೆ ಬೀಳುತ್ತದೆ. ಬಾಲ್ಕನಿಯಾದರೆ ಮುಂದಿನ ಸಾಲುಗಳು. ಆಮೇಲೆ ಜನ ತುಂಬಿರುವ ಶೋಗೆ ಹೋಗಿ. ಜನರ ಮೈ, ಬಟ್ಟೆ ಸೌಂಡನ್ನು ಹೀರಿಕೊಳ್ಳುತ್ತವೆ. ಸಬೈನ್ ಎನ್ನುವ ಭೌತವಿಜ್ಞಾನಿ 1895ರ ಸುಮಾರಿಗೆ ಹಾರ್ವರ್ಡ್‌ನಲ್ಲಿ ಕಂಡುಕೊಂಡಿದ್ದು ಇದನ್ನೇ. ಮಾತು ಕೇಳಿಸದ ಉಪನ್ಯಾಸ ಕೋಣೆಗೆ ರಾತ್ರಿ ಹೊತ್ತು ಕುರ್ಚಿಯ ಮೆತ್ತೆಗಳನ್ನು ಹೊತ್ತು ತಂದು, ಮೊಳಗು ಎಷ್ಟು ಇಳಿಯಿತು ಎಂದು ಅಳೆದರು. ಖಾಲಿ ಹಾಲ್‌ನಲ್ಲಿ ಸೌಂಡ್ ಪರೀಕ್ಷೆ ಮಾಡಿ, ತುಂಬಿದ ಹಾಲ್‌ನಲ್ಲೂ ಹಾಗೇ ಇರುತ್ತದೆ ಅಂದುಕೊಂಡರೆ ಲೆಕ್ಕ ತಪ್ಪುತ್ತದೆ.

ಲಲಿತಾ ಚಿಕ್ಕಮ್ಮ: ಒಂದು ಕೆಲಸ ಮಾಡು. ಅವರಿಗೆ ಕೊಡುವ ಹಾಗೆ ನಾಲ್ಕು ಮಾತು ಬರೆದುಕೊಡು. ನಾನೇ ಹೋಗಿ ಕೊಟ್ಟು ಬರುತ್ತೇನೆ.

ಸ್ಮಿತಾ: ಬರೆದುಕೊಡುತ್ತೇನೆ. ಮೊದಲು ಹಿಂದಿನ ಗೋಡೆಗೆ ಮೆತ್ತೆ. ಬಾಲ್ಕನಿ ಕೆಳಗೆ ಚಿಕ್ಕ ಸ್ಪೀಕರ್‌ಗಳು, ಪರದೆಯ ಸೌಂಡ್ ಬಂದು ತಲುಪುವಷ್ಟೇ ತಡ ಮಾಡಿ. ಪರದೆ ಹಿಂದೆ ಗುರಿಯಿಟ್ಟು ಹೊಡೆಯುವ ಹಾರ್ನ್. ಬೇಸ್ ಇಳಿಸಬೇಕು. ಆಮೇಲೆ ಪರದೆಯನ್ನು ವೇದಿಕೆಯ ಕಮಾನಿನಿಂದ ಮುಂದಕ್ಕೆ ತರಬೇಕು.

ಶಿವಣ್ಣ ದೊಡ್ಡಪ್ಪ: ಕಮಾನಿನ ಮುಂದಕ್ಕಾ? ಬೇಡ ಬೇಡ. ಆ ಕಮಾನೇ ಹಾಲ್‌ನ ಮುಖ. ಅದನ್ನು ಮುಚ್ಚಿದ ಮೇಲೆ ಹಳೆ ಥಿಯೇಟರ್ ಯಾಕೆ ಬೇಕು?

ಸ್ಮಿತಾ: ದೊಡ್ಡಪ್ಪ, ಕಮಾನಿನ ಒಳಗೆ ಅಗಲ ಸಾಲುವುದಿಲ್ಲ. ಸಿನೆಮಾಸ್ಕೋಪ್‌ನಂಥ ತೀರಾ ಅಗಲದ ಚಿತ್ರ ಹಾಕಿದರೆ ಎತ್ತರ ಕಡಿಮೆ ಮಾಡಬೇಕು. ದೊಡ್ಡದಾಗಿ ಕಾಣಬೇಕಾದ ಚಿತ್ರವೇ ಚಿಕ್ಕದಾಗುತ್ತದೆ. ಅಷ್ಟು ದೊಡ್ಡ ಹಾಲ್, ಒಳಗೆ ಒಂದು ಪಟ್ಟಿಯಷ್ಟು ಚಿತ್ರ. ನಿಮಗೇ ಒಪ್ಪಿಗೆಯಾಗುತ್ತದಾ?

ಶಿವಣ್ಣ ದೊಡ್ಡಪ್ಪ: ಚಿತ್ರ ಚಿಕ್ಕದಾಗುವುದೂ ಒಪ್ಪಿಗೆಯಿಲ್ಲ. ಕಮಾನು ಮುಚ್ಚುವುದೂ ಒಪ್ಪಿಗೆಯಿಲ್ಲ. ಮೇಲಕ್ಕೆ ಎತ್ತುವ ಚೌಕಟ್ಟು ಆಗುತ್ತದಾ? ಶೋ ಇಲ್ಲದಾಗ ಮೇಲೆ ಹೋಗಬೇಕು.

ಸ್ಮಿತಾ: ಮೇಲೆ ಜಾಗ ಮತ್ತು ಭಾರ ತಡೆಯುವ ತೊಲೆ ಇದ್ದರೆ ಆಗುತ್ತದೆ. ಆದರೆ ಸ್ಪೀಕರ್‌ಗಳೂ ಪರದೆಯ ಜೊತೆ ಮುಂದೆ ಬರಬೇಕು. ಅವು ಹಿಂದೆ ವೇದಿಕೆಯೊಳಗೇ ಉಳಿದರೆ ಸೌಂಡ್ ಅಲ್ಲೇ ಸುತ್ತುತ್ತದೆ. ಸ್ಪೀಕರ್‌ಗೆ ಚಕ್ರದ ಗಾಡಿ ಬೇಕಾಗುತ್ತದೆ.

ಶಿವಣ್ಣ ದೊಡ್ಡಪ್ಪ: ಗಾಡಿ ಮಾಡಿಸಲಿ. ಎದುರಿನ ವೆಲ್ವೆಟ್ ಪರದೆಯನ್ನು ಮಾತ್ರ ತೆಗೆಯಕೂಡದು. ಅದು ಸರಿದ ಮೇಲೆಯೇ ಚಿತ್ರ ಶುರುವಾಗಬೇಕು. ಇದನ್ನೂ ಬರಿ, ಮೊದಲ ಸಾಲಿನಲ್ಲೇ ಬರಿ.

ಸ್ಮಿತಾ: ಬರೆಯುತ್ತೇನೆ. ಮೊದಲ ಸಾಲಿನಲ್ಲಿ ಹಿಂದಿನ ಗೋಡೆ, ಎರಡನೆಯದರಲ್ಲಿ ನಿಮ್ಮ ವೆಲ್ವೆಟ್.

ವಿನಯ್: ಚಿಕ್ಕಮ್ಮ, ಹೋಗುವ ದಿನ ಹೇಳಿ. ನಾನೂ ಬರುತ್ತೇನೆ. ಬಾಲ್ಕನಿ ಕೆಳಗೂ ಕೂತು, ಮುಂದೆಯೂ ಕೂತು ಕೇಳಿ ನೋಡುತ್ತೇನೆ.