ವೈನಿಯ ಪ್ರಶ್ನೆಗೂ ಅಣ್ಣನ ನಗೆಗೂ ಉತ್ತರ

ವೈನಿ, ಮೊಣಕಾಲು ನೋವಿಗೆ ಡಾಕ್ಟರು ತೂಕ ಎತ್ತುವ ವ್ಯಾಯಾಮ ಹೇಳಿದ್ದಾರೆ, ಈ 58ರ ವಯಸ್ಸಿನಲ್ಲಿ ಜಿಮ್‌ಗೆ ಹೋದರೆ ಜನ ನಗುವುದಿಲ್ಲವೇ ಎಂದು ನಿನ್ನೆ ನೀವು ನಮ್ಮ ಮನೆಯ ಗ್ರೂಪಿನಲ್ಲಿ ಕೇಳಿದ್ದಿರಿ. ಅದರ ಕೆಳಗೇ ಅಣ್ಣ, ಜಿಮ್ ಎಂದರೆ ಪಡ್ಡೆ ಹುಡುಗರು ಕನ್ನಡಿಯ ಮುಂದೆ ತೋಳು ಉಬ್ಬಿಸುವ ಜಾಗ ಎಂದು ಬರೆದು, ನಗುವ ಮುಖಗಳನ್ನು ಸಾಲಾಗಿ ಅಂಟಿಸಿದ್ದಾನೆ. ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ ನಾಲ್ಕು ವರ್ಷಗಳಿಂದ ಜಿಮ್‌ಗೆ ಹೋಗುತ್ತಿರುವ ನಾನು ಇಬ್ಬರಿಗೂ ಒಟ್ಟಿಗೆ ಉತ್ತರಿಸುತ್ತೇನೆ. ಉದ್ದವಾಗುತ್ತದೆ, ಸೊಪ್ಪು ಸೋಸುತ್ತ ಕೇಳಿ.

ಅಣ್ಣ ಹೇಳುವ ಹುಡುಗರು ಇದ್ದಾರೆ, ಆದರೆ ಅವರು ಸಂಜೆ ಏಳರ ಮೇಲಿನವರು. ಬೆಳಗಿನ ಐದೂವರೆಗೆ ಬರುವವರು ಲೋಕಲ್ ರೈಲು ಹಿಡಿಯಬೇಕಾದವರು. ಇಲ್ಲಿಂದ ಮುಂಬಯಿಯ ಸಿಎಸ್‌ಎಂಟಿ ಸ್ಟೇಷನ್ನಿಗೆ ಫಾಸ್ಟ್ ಗಾಡಿಯಲ್ಲೂ ಒಂದು ಗಂಟೆಯ ಮೇಲಾಗುವುದರಿಂದ, ಆಫೀಸಿನ ಇಸ್ತ್ರಿ ಅಂಗಿಯನ್ನು ಕಿಟಕಿಯ ಸರಳಿಗೆ ತೂಗುಹಾಕಿ, ಯಾರೊಡನೆಯೂ ಮಾತಾಡದೆ ನಲವತ್ತು ನಿಮಿಷಗಳಲ್ಲಿ ಮುಗಿಸಿ ಓಡುತ್ತಾರೆ. ಎಂಟರ ನಂತರ ನಿವೃತ್ತರು ಬರುತ್ತಾರೆ. ಇವರ ಮೇಲೆ ನನಗೆ ಸಿಟ್ಟಿದೆ, ಏಕೆಂದರೆ ಒಂದು ಸುತ್ತು ಎಳೆದು, ಅದೇ ಯಂತ್ರದ ಮೇಲೆ ಕುಳಿತು ಹತ್ತು ನಿಮಿಷ ಪಿಂಚಣಿಯ ವಿಷಯ ಮಾತಾಡುತ್ತಾರೆ. ಹನ್ನೊಂದಕ್ಕೆ ಹೆಂಗಸರು. ಜನವರಿಯ ಸಂಕಲ್ಪದವರು ಹೋಳಿಯ ಹೊತ್ತಿಗೆ ಕಾಣುವುದಿಲ್ಲ.

ನಾನು ಮೊದಲ ತಿಂಗಳು ಸಂಜೆಯೇ ಹೋಗಬೇಕಾಯಿತು. ಪ್ಲೇಟು ಹಾಕದ ರಾಡಿಗೆ ತೂಕವೇ ಇರುವುದಿಲ್ಲ ಎಂದುಕೊಂಡು, ಅದನ್ನು ಹೆಗಲ ಮೇಲಿಟ್ಟುಕೊಂಡು ಬಸ್ಕಿ ಹೊಡೆಯಲು ಕುಳಿತೆ. ಬರೀ ರಾಡೇ 20 ಕಿಲೋ ಎಂದು ತಿಳಿದದ್ದು ಏಳಲಾಗದೆ ಹೋದಾಗ. ತೋಳಿನ ಮೇಲೆ ಹುಲಿಯ ಹಚ್ಚೆ ಹಾಕಿಸಿಕೊಂಡಿದ್ದ ಹುಡುಗನೊಬ್ಬ, ಅಂದರೆ ಅಣ್ಣನ ಪಡ್ಡೆ ಹುಡುಗನೇ, ಕಿವಿಯ ಇಯರ್‌ಫೋನ್ ಕಿತ್ತು ಓಡಿಬಂದು, ರಾಡನ್ನು ಎತ್ತಿ ಸ್ಟ್ಯಾಂಡಿಗೆ ಸೇರಿಸಿದ. ಆಮೇಲೆ ‘ಕಾಕೂ, ಆಧೀ ಖುರ್ಚಿ’, ಅಂದರೆ ಚಿಕ್ಕಮ್ಮಾ, ಮೊದಲು ಕುರ್ಚಿ, ಎಂದು ಮರಾಠಿಯಲ್ಲಿ ಹೇಳುತ್ತ ಪ್ಲಾಸ್ಟಿಕ್ ಕುರ್ಚಿಯೊಂದನ್ನು ತಂದಿಟ್ಟ. ಬರಿಗೈಯಲ್ಲಿ ಅದರ ಮೇಲೆ ಕುಳಿತು ಏಳಬೇಕು, ಹಿಮ್ಮಡಿ ನೆಲ ಬಿಡಬಾರದು, ಮೊಣಕಾಲು ಒಳಕ್ಕೆ ವಾಲಬಾರದು: ಎರಡು ವಾರ ಇಷ್ಟೇ. ಆಮೇಲೆ 5 ಕಿಲೋದ ಡಂಬೆಲ್ಲನ್ನು ಮಗುವಿನಂತೆ ಎದೆಗವಚಿಕೊಂಡು ಅದೇ ಕುರ್ಚಿ. ಇಂದಿಗೂ ಅವನ ಹೆಸರು ನನಗೆ ಗೊತ್ತಿಲ್ಲ.

ಅಣ್ಣಾ, ನೀನು ಧಾರವಾಡದ ಗರಡಿಯಲ್ಲಿ ಸಾಮು ಮಾಡುತ್ತಿದ್ದಾಗ ಅಲ್ಲಿ ಕನ್ನಡಿ ಇರಲಿಲ್ಲ, ನಿಜ. ಆದರೆ ಕೆಮ್ಮಣ್ಣು ಮೆತ್ತಿದ ಮೈಯಲ್ಲಿ, ಅಂಗಿ ಹೆಗಲ ಮೇಲೆ ಹಾಕಿಕೊಂಡು, ಓಣಿ ಸುತ್ತಿಯೇ ಮನೆಗೆ ಬರುತ್ತಿದ್ದೆಯಲ್ಲ, ಅದು ಯಾರು ನೋಡಲೆಂದು? ಗರಡಿಗೂ ಜಿಮ್‌ಗೂ ನನಗೆ ಕಾಣುವ ವ್ಯತ್ಯಾಸ ಬೇರೆ. ನಿಮ್ಮ ಗರಡಿಯ ಗುರು ವಸ್ತಾದರು ತಿಂಗಳುಗಟ್ಟಲೆ ಮಣ್ಣು ಅಗೆಸಿದ ಮೇಲೆ ತಿರುಗಿಸುವ ಮರದ ಲೋಡು ಮುಟ್ಟಲು ಬಿಡುತ್ತಿದ್ದರು. ಇಲ್ಲಿ ಫೀಸು ಕಟ್ಟಿದ ದಿನವೇ ಎಲ್ಲವನ್ನೂ ಮುಟ್ಟಬಹುದು, ತಡೆಯುವವರಿಲ್ಲ.

ಆದ್ದರಿಂದ ವೈನಿ, ಟ್ರೈನರು ಹೇಗೆಂದು ನೋಡಿ ಸೇರಿ. ನಾನು ಮೊದಲು ಸೇರಿದ್ದ ಇನ್ನೊಂದು ಕಡೆ ವರ್ಷದ ಫೀಸನ್ನು ಒಮ್ಮೆಗೇ ಕಟ್ಟಿಸಿಕೊಂಡರು. ಟ್ರೈನರು ಮೊಬೈಲ್ ನೋಡುತ್ತಲೇ ಎಣಿಸುತ್ತಿದ್ದ, ಮೂರನೆಯ ದಿನಕ್ಕೆ ಪ್ರೋಟೀನ್ ಪುಡಿಯ ಡಬ್ಬಿ ಮುಂದಿಟ್ಟ. ಬಿಟ್ಟು ಬಂದಾಗ ಒಂದು ರೂಪಾಯಿಯೂ ಮರಳಲಿಲ್ಲ. ಆ ವ್ಹೇ ಪುಡಿ ವಿಷವೇನಲ್ಲ, ಹಾಲು ಒಡೆದಾಗ ಉಳಿಯುವ ನೀರಿನಿಂದ ತೆಗೆದದ್ದು. ಆದರೆ ಮೊಸರು, ಬೇಳೆ, ಶೇಂಗಾ ದಿನವೂ ತಿನ್ನುವ ಮನೆಯಲ್ಲಿ ಅದಕ್ಕೆ ಅಷ್ಟು ಅವಸರವಿಲ್ಲ. ನೀವು ಒಂದು ತಿಂಗಳಿಗಷ್ಟೇ ಕಟ್ಟಿ. ದಿನವೂ ವಾಕಿಂಗ್ ಹೋಗುತ್ತಾಳೆ, ಸಾಲದೇ ಎಂದು ಅಣ್ಣ ಕೇಳಿದರೆ, ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ 150 ನಿಮಿಷಗಳ ನಡಿಗೆಯಂಥ ಚಟುವಟಿಕೆಯ ಜೊತೆಗೆ ಕನಿಷ್ಠ 2 ದಿನ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮವನ್ನೂ ಹೇಳುತ್ತದೆ ಎನ್ನಿ. ತೊಡೆ ಗಟ್ಟಿಯಾದಷ್ಟೂ ಮೊಣಕಾಲಿನ ಭಾರ ಇಳಿಯುತ್ತದೆ. ನಾನು ಈಗ ಸ್ಟೇಷನ್ನಿನ ಸೇತುವೆಯನ್ನು ಕಟಾಂಜನ ಹಿಡಿಯದೆ ಹತ್ತುತ್ತೇನೆ.

ಬರುವ ತಿಂಗಳು ಮದುವೆಗೆ ಇಬ್ಬರೂ ಇಲ್ಲಿಗೆ ಬರುತ್ತೀರಲ್ಲ, ಹನ್ನೊಂದರ ಹೊತ್ತಿಗೆ ನಿಮ್ಮನ್ನು ಕರೆದೊಯ್ಯುತ್ತೇನೆ. ಒಳಗೆ ಹಾಕಲು ಬೇರೆ ಬೂಟು ತನ್ನಿ, ರಸ್ತೆಯ ಚಪ್ಪಲಿಗೆ ಪ್ರವೇಶವಿಲ್ಲ. ಅಣ್ಣನಿಗೆ ಎಂಟರ ತಂಡವೇ ಸರಿ. ಪಿಂಚಣಿಯ ಮಾತಿಗೆ ಜೊತೆಯಾಗುತ್ತಾನೆ.