ಸಣ್ಣ ಭಾಷಾ ಕಾಲೇಜಿನಲ್ಲಿ ಇಂಟರ್ನ್‌ಶಿಪ್, ಹೋಗಲಾ ಬೇಡವಾ?

ಯಲಚೇನಹಳ್ಳಿ_ಹುಡುಗಿ:

ಎಲ್ಲರಿಗೂ ನಮಸ್ಕಾರ. ನಾನು ಬಿಎ ಕೊನೆಯ ವರ್ಷ, ಐಚ್ಛಿಕ ಕನ್ನಡ. ಎಂಟು ವಾರ ಇಂಟರ್ನ್‌ಶಿಪ್ ಮಾಡಿ ವರದಿ ಕೊಡಬೇಕು. ಜಯನಗರದ ಹತ್ತಿರ ಒಂದು ಪುಟ್ಟ ಭಾಷಾ ಕಾಲೇಜಿನವರು ಬಾ ಅಂದಿದ್ದಾರೆ. ಮೆಡಿಕಲ್ ಶಾಪಿನ ಮೇಲೆ ಮೂರು ರೂಮು, ಅಷ್ಟೇ. ವಾರವೆಲ್ಲ ಫ್ರೆಂಚ್, ಜರ್ಮನ್. ಶನಿವಾರ, ಭಾನುವಾರ ಹೊರಗಿನಿಂದ ಬಂದವರಿಗೆ ಕನ್ನಡ. ದುಡ್ಡು ಕೊಡಲ್ಲ, ಬರೀ ಸರ್ಟಿಫಿಕೇಟ್. "ಕನ್ನಡ ನಿಂಗೆ ಬರುತ್ತಲ್ಲ, ಅಲ್ಲಿಗೆ ಹೋಗಿ ಕಲಿಯೋದೇನು?" ಅಂತ ಅಪ್ಪನ ತಕರಾರು. ಇಂಥ ಕಡೆ ಕೆಲಸ ಮಾಡಿದವರು ಯಾರಾದರೂ ಇದ್ದೀರಾ?

ಬೇಳೆ_ಮೇಡಂ:

ನಾನು ಮಾಡಿದ್ದೇನೆ, 2023ರಲ್ಲಿ. ಎಲ್ಲಿ ಅಂತ ಬೇಡ ಬಿಡಿ.

ಮೊದಲ ವಾರ ಪಾಠದ ಸುದ್ದಿಯೇ ಇಲ್ಲ. ಫೋನ್ ಎತ್ತುವುದು, ಫೀಸ್ ರಸೀದಿ ಬರೆಯುವುದು, ಜೆರಾಕ್ಸ್ ಅಂಗಡಿಗೆ ಓಡುವುದು. ಫೋನ್ ಮಾಡಿದವರೆಲ್ಲ ಕೇಳುವುದು ಒಂದೇ: ಎಷ್ಟು ದಿನದಲ್ಲಿ ಬರುತ್ತೆ? ನಮಗೂ ದುಡ್ಡಿರಲಿಲ್ಲ. ಆ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಗಿದ್ದು ನನ್ನ ಪುಣ್ಯ, ಬಸ್ಸಿನ ಖರ್ಚು ಉಳಿಯಿತು. ಮಧ್ಯಾಹ್ನದ ಊಟ ಮಾತ್ರ ಕೈಯಿಂದ.

ಎರಡನೇ ಶನಿವಾರ ಕನ್ನಡ ಹೇಳಿಕೊಡುವ ಮೇಡಂಗೆ ಜ್ವರ. "ನೀನೇ ತಗೋಮ್ಮ, ಇವತ್ತು ಅಂಗಡಿ ಮಾತು ಅಷ್ಟೇ" ಅಂದರು. ಹನ್ನೊಂದು ಜನ ಕೂತಿದ್ದರು, ಎಲ್ಲರೂ ನನಗಿಂತ ದೊಡ್ಡವರು. ಬೋರ್ಡಿನ ಮೇಲೆ "ಬೆಲೆ ಎಷ್ಟು?" ಅಂತ ಬರೆದು ಹತ್ತು ಸಲ ಹೇಳಿಸಿದೆ. ಚೆನ್ನಾಗೇ ಹೇಳಿದರು ಅಂದುಕೊಂಡೆ.

ಮುಂದಿನ ವಾರ ಲಖನೌ ಕಡೆಯವರೊಬ್ಬರು ಮುಖ ಊದಿಸಿಕೊಂಡು ಬಂದರು. ದಿನಸಿ ಅಂಗಡಿಯಲ್ಲಿ ಸೋಪು ನೋಡಿ "ಬೇಲೆ ಎಷ್ಟು?" ಅಂದಿದ್ದಾರೆ. ಅಂಗಡಿಯವರು "ಯಾವ್ದು ಸಾರ್, ತೊಗರಿನಾ, ಹೆಸರಾ?" ಅಂತ ಕೇಳಿದ್ದಾರೆ. "ನಿಮ್ಮ ಹೆಸರೇನು" ಪಾಠ ಆಗಿತ್ತಲ್ಲ, ಇವರು ನಿಂತುಕೊಂಡು ತಮ್ಮ ಪೂರ್ತಿ ಹೆಸರು ಹೇಳಿದ್ದಾರೆ! ಕೊನೆಗೆ ಅರ್ಧ ಕೆಜಿ ಹೆಸರುಬೇಳೆ ತಗೊಂಡು ಮನೆಗೆ. ಸೋಪು ಅಲ್ಲೇ ಉಳಿಯಿತು.

ಕ್ಲಾಸೆಲ್ಲ ನಕ್ಕಿತು, ನನಗೆ ನಗು ಬರಲಿಲ್ಲ. ಹಿಂದಿಯಲ್ಲಿ ಏ, ಓ ಇವೆ. ನಮ್ಮ ಹಾಗೆ ಎ, ಒ ಅಂತ ಬೇರೆ ಅಕ್ಷರ ಇಲ್ಲ. ಳ ಕೂಡ ಇಲ್ಲ. ಅವರ ಕಿವಿಗೆ ಬೆಲೆ, ಬೇಳೆ ಎರಡೂ ಒಂದೇ. ಹತ್ತು ಸಲವೂ ಅವರು ತಪ್ಪೇ ಹೇಳಿದ್ದರು. ಏನು ಹೇಳುತ್ತಾರೆ ಅಂತ ಮೊದಲೇ ಗೊತ್ತಿದ್ದ ನನಗೆ ಅದು ಸರಿಯಾಗಿಯೇ ಕೇಳಿಸಿತ್ತು. ನಿಮ್ಮಪ್ಪನಿಗೆ ಇದನ್ನು ಹೇಳಿ.

ಆಮೇಲೆ ಜೋಡಿ ಚೀಟಿ ಮಾಡಿದೆ. ಬೆಳೆ, ಬೇಳೆ. ಕೊಡಿ, ಕೋಡಿ. ಹಳ್ಳಿ, ಹಲ್ಲಿ. ನಾನು ಒಂದು ಹೇಳಬೇಕು, ಅವರು ಆ ಚೀಟಿ ಎತ್ತಬೇಕು. ಮೂರು ವಾರ ಬರೀ ಎತ್ತಿಸಿದೆ, ಬಾಯಿ ಬಿಡಿಸಲಿಲ್ಲ. ನಾಲ್ಕನೇ ವಾರಕ್ಕೆ ಅರ್ಧ ಜನರ ಬಾಯಿ ತಾನಾಗೇ ತಿರುಗಿತು. ಉಳಿದವರು ಇವತ್ತಿಗೂ "ನಮ್ಮ ಹಲ್ಲಿ" ಅಂತಲೇ ಇರಬಹುದು.

ಮಾರತ್ತಹಳ್ಳಿ_ಗುವಾಹಟಿ:

ನಾನು ಇಂಥ ಕ್ಲಾಸಿನಲ್ಲೇ ಕಲಿತವನು, ತಪ್ಪಿದ್ದರೆ ಕ್ಷಮಿಸಿ. ಪುಸ್ತಕದಲ್ಲಿ "ಹೋಗುತ್ತೇನೆ" ಅಂತ ಇತ್ತು. ಆಟೋದವರಿಗೆ "ನಾನು ಮಾರತ್ತಹಳ್ಳಿಗೆ ಹೋಗುತ್ತೇನೆ" ಅಂದೆ. "ಹೋಗಿ ಸಾರ್, ನಾನ್ಯಾಕೆ ಬೇಡ ಅನ್ಲಿ" ಅಂದುಬಿಟ್ಟರು! ನಮ್ಮ ಮೇಷ್ಟ್ರು ವ್ಯಾಕರಣ ನೋಡಿ ಸರಿ ಇದೆ ಅಂದರು. ಇಂಟರ್ನ್ ಹುಡುಗಿ ಒಬ್ಬಳು ಕಾರಿಡಾರ್‌ನಲ್ಲಿ ಗುಟ್ಟು ಹೇಳಿದಳು: "ಮಾರತ್ತಹಳ್ಳಿ ಬರ್ತೀರಾ? ಅನ್ನಿ ಸಾಕು." ಅವಳ ಆ ಎರಡು ಪದ ಇವತ್ತಿಗೂ ದಿನಾ ಉಪಯೋಗಕ್ಕೆ ಬರುತ್ತದೆ. ದಯವಿಟ್ಟು ಹೋಗಿ.

ನಿವೃತ್ತ_ಮೇಷ್ಟ್ರು:

ಹೋಗಮ್ಮ, ಆದರೆ ಕೇಳಿಕೊಂಡು ಹೋಗು. ಎಂಟು ವಾರವೂ ಜೆರಾಕ್ಸ್ ಮಾಡಿಸಿದರೆ ಅದು ಇಂಟರ್ನ್‌ಶಿಪ್ ಅಲ್ಲ, ಬಿಟ್ಟಿ ಚಾಕರಿ. ವಾರಕ್ಕೆ ಎಷ್ಟು ಗಂಟೆ ಕ್ಲಾಸಿನೊಳಗೆ ಅಂತ ಪತ್ರದಲ್ಲಿ ಬರೆಸಿಕೋ. ಇನ್ನೊಂದು ಮಾತು. ಬೇರೆ ಭಾಷೆಯವರಿಗೆ ಕನ್ನಡ ಕಲಿಸುವುದು ಅಂದರೆ ಮನೆಪಾಠ ಅಂತ ನಮ್ಮವರಿಗೆ ಅಸಡ್ಡೆ. ಮೈಸೂರಿನಲ್ಲಿ ಭಾರತೀಯ ಭಾಷಾ ಸಂಸ್ಥಾನ 1969ರಿಂದ ಇದೆ. ಅದರ ದಕ್ಷಿಣ ಪ್ರಾದೇಶಿಕ ಕೇಂದ್ರದಲ್ಲಿ ಬೇರೆ ರಾಜ್ಯದ ಶಿಕ್ಷಕರು ಹತ್ತು ತಿಂಗಳು ಕೂತು ಕನ್ನಡ, ತಮಿಳು, ತೆಲುಗು, ಮಲಯಾಳಂ ಕಲಿಯುತ್ತಾರೆ. ವರದಿ ಬರೆಯುವ ಮುಂಚೆ ಒಂದು ದಿನ ಅಲ್ಲಿಗೆ ಹೋಗಿ ಬಾ. ರೈಲಿನಲ್ಲಿ ಎರಡೂವರೆ ಮೂರು ಗಂಟೆ ದಾರಿ, ಅಷ್ಟೇ.

ಯಲಚೇನಹಳ್ಳಿ_ಹುಡುಗಿ:

ಮೇಷ್ಟ್ರೇ, ಇವತ್ತು ಹೋಗಿ ಕೇಳಿದೆ. ಮೊದಲು ಸ್ವಲ್ಪ ಮುಖ ಗಂಟಿಕ್ಕಿದರು. ಆಮೇಲೆ ಶನಿವಾರ ಎರಡು, ಭಾನುವಾರ ಎರಡು ಗಂಟೆ ಅಂತ ಬರೆದುಕೊಟ್ಟರು. ಹೆಸರುಬೇಳೆ ಕಥೆ ಅಪ್ಪನಿಗೆ ಹೇಳಿದೆ. ನಕ್ಕು ನಕ್ಕು ಸುಸ್ತಾದರು, "ಸರಿ ಹೋಗು" ಅಂದರು. ಬೇಳೆ ಮೇಡಂ, ಆ ಚೀಟಿಗಳು ಇನ್ನೂ ಇವೆಯಾ?

ಬೇಳೆ_ಮೇಡಂ:

ಇವೆ. "ಕೋಡಿ" ಚೀಟಿ ಒಂದು ಕಳೆದುಹೋಗಿದೆ. ಹಲ್ಲಿ ಚಿತ್ರ ನಾನೇ ಬರೆದಿದ್ದು, ಮೊಸಳೆ ಥರ ಇದೆ, ಸುಧಾರಿಸಿಕೊಳ್ಳಿ.